ದತ್ತಸಂಚಯದ ಕಾವಲುಗಾರ

ಊರಿನ ಹೊಲಗದ್ದೆಗಳ ಲೆಕ್ಕವನ್ನು ಹಿಂದಿನ ಕಾಲದಲ್ಲಿ ಶಾನುಭೋಗರು ಕಡತಗಳಲ್ಲಿ ಬರೆದಿಡುತ್ತಿದ್ದರು. ಬಟ್ಟೆಗೆ ಹುಣಿಸೆ ಬೀಜದ ಸರಿಯನ್ನೂ ಇದ್ದಿಲಿನ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಅದರ ಕಪ್ಪು ಮೈಮೇಲೆ ಬಳಪದಿಂದ ಬರೆದ ಪುಸ್ತಕವೇ ಕಡತ. ಬಟ್ಟೆಯ ಪುಸ್ತಕ ಮರೆಯಾದರೂ ಆ ಹೆಸರು ಉಳಿದುಬಂದಿದೆ. ಕಚೇರಿಯ ಕಾಗದಪತ್ರಗಳ ಕಟ್ಟನ್ನೂ, ಗಣಕಯಂತ್ರದಲ್ಲಿ ಉಳಿಸಿಟ್ಟ ಬರಹವನ್ನೂ ನಾವು ಇಂದು ಕಡತವೆಂದೇ ಕರೆಯುತ್ತೇವೆ. ಕಡತವಿದ್ದರೆ ಸಾಲದು, ಅದನ್ನು ಕಾಯುವವರೂ ಬೇಕು. ಕೇಳಿದವರಿಗೆ ಬಿಚ್ಚಿ ತೋರಿಸುವ, ಹೊಸ ಸಂಗತಿಯನ್ನು ಸೇರಿಸುವ, ಒಬ್ಬರ ಲೆಕ್ಕ ಮತ್ತೊಬ್ಬರ ಲೆಕ್ಕದೊಡನೆ ಬೆರೆಯದಂತೆ ನೋಡಿಕೊಳ್ಳುವ ಕೈಯಿಲ್ಲದಿದ್ದರೆ ಕಡತವು ಇದ್ದೂ ಇಲ್ಲದಂತೆಯೇ ಸರಿ.

ಇಂದು ಆ ಕಾವಲಿನ ಕೆಲಸ ಗಣಕಯಂತ್ರದ ಪಾಲಿಗೆ ಬಂದಿದೆ. ಕರ್ನಾಟಕದಲ್ಲಿ 2000ದ ಆಸುಪಾಸಿನಲ್ಲಿ 'ಭೂಮಿ' ಎಂಬ ಯೋಜನೆಯ ಮೂಲಕ ಸುಮಾರು 2 ಕೋಟಿ ಪಹಣಿ ಪತ್ರಗಳು ಗಣಕಯಂತ್ರವನ್ನು ಸೇರಿದವು. ಬ್ಯಾಂಕಿನ ಖಾತೆ, ಆಸ್ಪತ್ರೆಯ ರೋಗಿಗಳ ವಿವರ, ರೈಲಿನ ಮುಂಗಡ ಟಿಕೆಟ್ಟು, ವಿದ್ಯಾರ್ಥಿಗಳ ಅಂಕಪಟ್ಟಿ ಇವೆಲ್ಲವೂ ಇಂದು ಗಣಕಯಂತ್ರಗಳಲ್ಲೇ ಇವೆ. ಹೀಗೆ ಕ್ರಮಬದ್ಧವಾಗಿ ಜೋಡಿಸಿಟ್ಟ ಮಾಹಿತಿಯ ರಾಶಿಗೆ ದತ್ತಸಂಚಯವೆಂದು ಹೆಸರು. ಅದನ್ನು ಕಾಯುತ್ತ, ಕೇಳಿದವರಿಗೆ ಬೇಕಾದುದನ್ನು ತೆಗೆದುಕೊಡುವ ತಂತ್ರಾಂಶವೇ ಸರ್ವರ್. ಸರ್ವರ್ ಎದ್ದು ಕೆಲಸ ಮಾಡುತ್ತಿರುವಾಗ ಅದರ ಇರವು ಯಾರ ಅರಿವಿಗೂ ಬರುವುದಿಲ್ಲ. ಅದು ಏಳದ ದಿನ ಮಾತ್ರ ಕಚೇರಿಯ ಕಿಟಕಿಯಿಂದ "ಸರ್ವರ್ ಇಲ್ಲ, ನಾಳೆ ಬನ್ನಿ" ಎಂಬ ಮಾತು ಕೇಳಿಬರುತ್ತದೆ. ದಿನದ ಕೂಲಿಯನ್ನು ಬಿಟ್ಟು ದೂರದ ಹಳ್ಳಿಯಿಂದ ಬಂದವರಿಗೆ ಆ ಮಾತಿನ ಭಾರ ಎಷ್ಟೆಂಬುದನ್ನು ಹೇಳಬೇಕಾಗಿಲ್ಲ.

ಸರ್ವರ್ ಏಳದಿರಲು ಯಂತ್ರವು ಕೆಟ್ಟಿರಲೇಬೇಕೆಂದಿಲ್ಲ. ಎಷ್ಟೋ ವೇಳೆ ಯಂತ್ರವೂ ಸರಿಯಾಗಿರುತ್ತದೆ, ದತ್ತಸಂಚಯವೂ ಸುರಕ್ಷಿತವಾಗಿರುತ್ತದೆ. ಸರ್ವರಿಗೆ ಕೊಟ್ಟ ಅಪ್ಪಣೆಯ ಬರಹದಲ್ಲಿ ಒಂದು ಸಾಲು ತಪ್ಪಿರುತ್ತದೆ, ಅಷ್ಟೆ. ಆ ಒಂದು ಸಾಲನ್ನು ಹುಡುಕಿ ತಿದ್ದುವುದು ಹೇಗೆ, ಹುಡುಕುವಾಗ ಮಾಡಬಾರದ ಕೆಲಸಗಳು ಯಾವುವು ಎಂಬುದನ್ನು ಈ ಪಾಠದಲ್ಲಿ ಪರಿಶೀಲಿಸೋಣ.

ಉದಾಹರಣೆಗಾಗಿ ಜಗತ್ತಿನಲ್ಲೆಲ್ಲ ಬಳಕೆಯಲ್ಲಿರುವ ಪೋಸ್ಟ್‌ಗ್ರೆಸ್ ಎಂಬ ದತ್ತಸಂಚಯ ವ್ಯವಸ್ಥೆಯನ್ನು ತೆಗೆದುಕೊಳ್ಳಬಹುದು. ಮಾಹಿತಿಯನ್ನು ಸಾಲುಗಳೂ ಕಂಬಗಳೂ ಉಳ್ಳ ಕೋಷ್ಟಕಗಳ ರೂಪದಲ್ಲಿ ಜೋಡಿಸಿ, ಅವುಗಳೊಳಗಿನ ಸಂಬಂಧವನ್ನು ಗಣಿತದ ನಿಯಮಗಳಿಂದ ನಿರೂಪಿಸಬಹುದೆಂದು 1970ರಲ್ಲಿ ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ ಎಂಬ ವಿಜ್ಞಾನಿ ತೋರಿಸಿಕೊಟ್ಟರು. ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದಲ್ಲಿ ಮೈಕೇಲ್ ಸ್ಟೋನ್‌ಬ್ರೇಕರ್ ಮತ್ತು ಅವರ ಸಂಗಡಿಗರು ಈ ವಿಚಾರವನ್ನು ಅನುಸರಿಸಿ ಇಂಗ್ರೆಸ್ ಎಂಬ ವ್ಯವಸ್ಥೆಯನ್ನು ಕಟ್ಟಿದರು. ಅದರ ತರುವಾಯ 1986ರಲ್ಲಿ ಆರಂಭವಾದುದೇ ಪೋಸ್ಟ್‌ಗ್ರೆಸ್. 1996ರಲ್ಲಿ ಅದು ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಹೆಸರನ್ನು ಪಡೆಯಿತು. ಹಲವು ದೇಶಗಳ ತಂತ್ರಜ್ಞರು ಕೂಡಿ ಬೆಳೆಸುತ್ತಿರುವ ಈ ವ್ಯವಸ್ಥೆಯನ್ನು ಯಾರು ಬೇಕಾದರೂ ಬೆಲೆ ಕೊಡದೆ ಪಡೆದು ಬಳಸಬಹುದು.

ಈ ಸರ್ವರ್ ಏಳುವಾಗ ಮೊದಲು ಓದುವುದು ತನ್ನ ಸಂರಚನಾ ಕಡತವನ್ನು. ಅದು ಸಾಮಾನ್ಯ ಬರಹದ ಕಡತ. ಅದರ ಒಂದೊಂದು ಸಾಲಿನಲ್ಲಿಯೂ ಒಂದು ನಿಯತಾಂಕದ ಹೆಸರು, ಅದರ ಮುಂದೆ ಸಮಚಿಹ್ನೆ, ಬಳಿಕ ಅದರ ಬೆಲೆ ಇರುತ್ತದೆ. ಯಾವ ಪೋರ್ಟಿನಲ್ಲಿ ಕುಳಿತು ಕರೆಗಳನ್ನು ಆಲಿಸಬೇಕು, ಏಕಕಾಲಕ್ಕೆ ಎಷ್ಟು ಮಂದಿಗೆ ಉತ್ತರ ಕೊಡಬೇಕು, ಯಂತ್ರದ ಮೆಮೊರಿಯಲ್ಲಿ ಎಷ್ಟು ಭಾಗವನ್ನು ಬಳಸಿಕೊಳ್ಳಬೇಕು ಎಂಬಂತಹ ಅಪ್ಪಣೆಗಳು ಅಲ್ಲಿರುತ್ತವೆ. ಒಂದೇ ನಿಯತಾಂಕವನ್ನು ಎರಡು ಕಡೆ ಬರೆದಿದ್ದರೆ ಕೊನೆಯಲ್ಲಿ ಬರೆದುದೇ ನಡೆಯುತ್ತದೆ.

ಸಂರಚನೆಯ ತಪ್ಪುಗಳು ನೋಡಲು ಬಗೆಬಗೆಯಾಗಿದ್ದರೂ ಅವುಗಳನ್ನು ಮುಖ್ಯವಾಗಿ ನಾಲ್ಕು ಗುಂಪುಗಳಾಗಿ ವಿಂಗಡಿಸಬಹುದು.

ಮೊದಲನೆಯದು ಬರವಣಿಗೆಯ ತಪ್ಪು. ಉದ್ಧರಣ ಚಿಹ್ನೆಯನ್ನು ತೆರೆದು ಮುಚ್ಚದೆ ಬಿಡುವುದು, ಹೆಸರಿನಲ್ಲಿ ಒಂದಕ್ಷರ ತಪ್ಪುವುದು ಇವೆಲ್ಲ ಈ ಗುಂಪಿಗೆ ಸೇರುತ್ತವೆ. ಹಳೆಯ ಹೆಸರನ್ನು ಹಾಗೆಯೇ ಉಳಿಸಿಕೊಳ್ಳುವುದೂ ಇದರೊಳಗೇ ಬರುತ್ತದೆ. 'ಚೆಕ್‌ಪಾಯಿಂಟ್ ಸೆಗ್ಮೆಂಟ್ಸ್' ಎಂಬ ನಿಯತಾಂಕವು ಪೋಸ್ಟ್‌ಗ್ರೆಸ್ಸಿನ 9.5ನೆಯ ಆವೃತ್ತಿಯಲ್ಲಿ ರದ್ದಾಯಿತು. ಹಳೆಯ ಸಂರಚನಾ ಕಡತವನ್ನು ಹೊಸ ಆವೃತ್ತಿಗೆ ಹಾಗೆಯೇ ತಂದಿಟ್ಟರೆ, ಇಂತಹ ಹೆಸರನ್ನು ತಾನು ಅರಿಯೆನೆಂದು ಸರ್ವರ್ ನಿಂತುಬಿಡುತ್ತದೆ.

ಎರಡನೆಯದು ಅಳತೆಯ ತಪ್ಪು. ಹೆಸರು ಸರಿಯಾಗಿದ್ದು, ಬೆಲೆ ಮಾತ್ರ ಯಂತ್ರದ ಶಕ್ತಿಯನ್ನು ಮೀರಿರುತ್ತದೆ. ಇಲ್ಲವೇ ಮಾನವನ್ನು ಬರೆಯಲು ಮರೆತಿರುತ್ತಾರೆ. ಮೆಮೊರಿಯ ಮುಖ್ಯ ನಿಯತಾಂಕವಾದ 'ಶೇರ್ಡ್ ಬಫರ್ಸ್' ಮುಂದೆ ಬರಿಯ ಸಂಖ್ಯೆಯನ್ನು ಬರೆದರೆ ಅದನ್ನು ಸರ್ವರ್ 8 ಕಿಲೋಬೈಟಿನ ಪುಟಗಳ ಲೆಕ್ಕದಲ್ಲಿ ತಿಳಿದುಕೊಳ್ಳುತ್ತದೆ. ಬರೆದವನ ಮನಸ್ಸಿನಲ್ಲಿ ಬೇರೆ ಮಾನವಿದ್ದರೆ ಫಲವೂ ಬೇರೆಯಾಗುತ್ತದೆ.

ಮೂರನೆಯದು ಸ್ಥಳದ ತಪ್ಪು. ಪೋಸ್ಟ್‌ಗ್ರೆಸ್ ಸಾಮಾನ್ಯವಾಗಿ 5432ನೆಯ ಸಂಖ್ಯೆಯ ಪೋರ್ಟಿನಲ್ಲಿ ಕುಳಿತು ಕರೆಗಳನ್ನು ಆಲಿಸುತ್ತದೆ. ಅದೇ ಸ್ಥಳದಲ್ಲಿ ಬೇರೊಂದು ತಂತ್ರಾಂಶ ಮೊದಲೇ ಬಂದು ಕುಳಿತಿದ್ದರೆ ಎರಡಕ್ಕೂ ಅಲ್ಲಿ ಎಡೆಯಿಲ್ಲ. ಯಂತ್ರಕ್ಕೆ ಸೇರದ ವಿಳಾಸವೊಂದನ್ನು ಮಾತ್ರ ಕೊಟ್ಟು ಅಲ್ಲಿ ಆಲಿಸೆಂದು ಹೇಳಿದರೂ ಇದೇ ಗತಿ.

ನಾಲ್ಕನೆಯದು ಅಧಿಕಾರದ ತಪ್ಪು. ದತ್ತಸಂಚಯವಿರುವ ಕೋಶವನ್ನು ಸರ್ವರಿನ ಹೆಸರಿನ ಬಳಕೆದಾರನ ಹೊರತು ಕಂಡವರೆಲ್ಲ ತೆರೆಯುವಂತಿದ್ದರೆ ಪೋಸ್ಟ್‌ಗ್ರೆಸ್ ಏಳಲು ಒಪ್ಪುವುದಿಲ್ಲ. ಕೋಶದ ಅನುಮತಿ 0700 ಇರಬೇಕು. 11ನೆಯ ಆವೃತ್ತಿಯಿಂದ ಈಚೆಗೆ, ಗುಂಪಿನವರು ಓದಬಹುದಾದ 0750 ಸಹ ನಡೆಯುತ್ತದೆ. ಅದಕ್ಕಿಂತ ಸಡಿಲವಾಗಿದ್ದರೆ ಸರ್ವರ್ ಹಿಂದೆಗೆಯುತ್ತದೆ. ಬೀಗವಿಲ್ಲದ ಉಗ್ರಾಣದ ಹೊಣೆಯನ್ನು ಹೊರಲು ಎಚ್ಚರವುಳ್ಳ ಕಾವಲುಗಾರ ಒಪ್ಪುವನೇ?

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಒಂದು ಸಾಲು ತಪ್ಪಿದ ಮಾತ್ರಕ್ಕೆ ಸರ್ವರ್ ಪೂರ್ತಿಯಾಗಿ ನಿಲ್ಲಬೇಕೇಕೆ? ಆ ಸಾಲನ್ನು ಬಿಟ್ಟು ಉಳಿದುದನ್ನು ಅನುಸರಿಸಬಾರದೇ? ನಡೆಯುತ್ತಿರುವ ಸರ್ವರಿಗೆ ಕಡತವನ್ನು ಮತ್ತೊಮ್ಮೆ ಓದೆಂದು ಹೇಳಿದಾಗ ಅದು ನಿಲ್ಲುವುದಿಲ್ಲವೆಂಬುದು ಗಮನಾರ್ಹ. ತಪ್ಪು ಕಂಡರೆ ಅದು ತನ್ನ ಹಳೆಯ ಬೆಲೆಯನ್ನೇ ಉಳಿಸಿಕೊಂಡು, ದೂರನ್ನು ದಿನಚರಿಯಲ್ಲಿ ಬರೆದಿಟ್ಟು, ಕೆಲಸವನ್ನು ಮುಂದುವರಿಸುತ್ತದೆ. ಏಳುವ ಹೊತ್ತಿನಲ್ಲಿಯಾದರೋ ಅದಕ್ಕೆ ಹಳೆಯದೆಂಬ ಆಸರೆಯಿಲ್ಲ. ಒಡೆಯನ ಇಂಗಿತವನ್ನು ಊಹಿಸಿಕೊಂಡು ಜನರ ಲೆಕ್ಕಪತ್ರಗಳ ಮೇಲೆ ಕೈಯಿಡುವುದಕ್ಕಿಂತ ಏಳದೆ ನಿಂತು ಕೇಳುವುದೇ ಮೇಲೆಂದು ಅದನ್ನು ರೂಪಿಸಿದವರು ತೀರ್ಮಾನಿಸಿದ್ದಾರೆ. ಆದ್ದರಿಂದ ಈ ನಿರಾಕರಣೆಯು ಸೋಲಲ್ಲ, ಕಾವಲಿನ ಒಂದು ಬಗೆ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡವರು ಗಾಬರಿಯಾಗುವುದಿಲ್ಲ.

ಸರ್ವರ್ ಏಳದಿದ್ದಾಗ ಮಾಡಬೇಕಾದ ಮೊದಲ ಕೆಲಸವೆಂದರೆ ಅದು ಬರೆದಿಟ್ಟ ಕಾರಣವನ್ನು ಓದುವುದು. ಇದು ಸುಲಭವೆಂದು ತೋರಿದರೂ ಅನೇಕರು ಎಡವುವುದು ಇಲ್ಲಿಯೇ. ತೆರೆಯ ಮೇಲೆ "ಆರಂಭಿಸಲಾಗಲಿಲ್ಲ" ಎಂಬ ಒಂದೇ ಮಾತು ಕಾಣಿಸುತ್ತದೆ. ಅದು ಬಾಗಿಲ ಬಳಿ ನಿಂತವನ ಮಾತು. ಒಳಗೆ ನಡೆದುದು ಅವನಿಗೆ ತಿಳಿಯದು. ನಿಜವಾದ ಕಾರಣ ಲಾಗ್ ಎಂದು ಕರೆಯುವ ದಿನಚರಿ ಕಡತದಲ್ಲಿರುತ್ತದೆ. ಯಾವ ಕಡತದ ಎಷ್ಟನೆಯ ಸಾಲಿನಲ್ಲಿ ಯಾವ ಪದದ ಬಳಿ ತಪ್ಪಿದೆ ಎಂಬುದನ್ನೂ ಹಲವು ವೇಳೆ ಅದು ತಿಳಿಸುತ್ತದೆ. ಆದರೆ ಒಂದು ತೊಡಕುಂಟು. ಸಂರಚನೆಯನ್ನು ಓದಿ ಮುಗಿಸುವ ಮೊದಲು ಸರ್ವರಿಗೆ ತನ್ನ ದಿನಚರಿಯನ್ನು ಎಲ್ಲಿ ಬರೆಯಬೇಕೆಂಬುದೇ ತಿಳಿದಿರುವುದಿಲ್ಲ. ಆದ್ದರಿಂದ ಸಂರಚನೆಯ ತಪ್ಪನ್ನು ಅದು ತನ್ನ ಎಂದಿನ ದಿನಚರಿಯಲ್ಲಿ ಬರೆಯದೆ, ಯಂತ್ರವನ್ನು ನಡೆಸುವ ಕಾರ್ಯವ್ಯವಸ್ಥೆಯ ದಿನಚರಿಗೆ ಒಪ್ಪಿಸಿರಬಹುದು. ಒಂದು ಕಡೆ ಏನೂ ಕಾಣದಿದ್ದರೆ ಇನ್ನೊಂದು ಕಡೆ ಹುಡುಕಬೇಕೇ ಹೊರತು, ಯಂತ್ರವು ಏನನ್ನೂ ಹೇಳಲಿಲ್ಲವೆಂದು ತೀರ್ಮಾನಿಸಬಾರದು.

ಈಗ ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳೋಣ. ಒಂದು ಆಸ್ಪತ್ರೆ. ಅದರ ರೋಗಿಗಳ ವಿವರವೆಲ್ಲ ಪೋಸ್ಟ್‌ಗ್ರೆಸ್ ದತ್ತಸಂಚಯದಲ್ಲಿದೆ. ಯಂತ್ರಕ್ಕೆ 32 ಗಿಗಾಬೈಟ್ ಮೆಮೊರಿಯಿದೆ. ಅದರ ನಾಲ್ಕನೆಯ ಒಂದು ಭಾಗವನ್ನು 'ಶೇರ್ಡ್ ಬಫರ್ಸ್'ಗೆ ಕೊಡುವುದು ರೂಢಿ. ಆಸ್ಪತ್ರೆಯ ಗಣಕ ನಿರ್ವಾಹಕನು ಸರ್ವರಿಗೆ ಆಜ್ಞೆ ಕೊಟ್ಟು ಅದನ್ನು 8 ಗಿಗಾಬೈಟಿಗೆ ಏರಿಸಲು ಹೊರಟವನು ಕೈತಪ್ಪಿ 80 ಎಂದು ಒತ್ತಿದನು. ಸರ್ವರ್ ಆ ಬೆಲೆಯನ್ನು ಬರೆದುಕೊಂಡಿತು. ಏನೂ ಕೆಡಲಿಲ್ಲ. ಏಕೆಂದರೆ ಈ ನಿಯತಾಂಕವು ಜಾರಿಗೆ ಬರುವುದು ಸರ್ವರ್ ನಿಂತು ಮತ್ತೆ ಎದ್ದಾಗ ಮಾತ್ರ. ಮೂರು ತಿಂಗಳು ಕಳೆದವು. ಒಂದು ರಾತ್ರಿ ಗಾಳಿಮಳೆಗೆ ವಿದ್ಯುತ್ತು ನಿಂತು, ಯಂತ್ರ ಆರಿ ಮತ್ತೆ ಹೊತ್ತಿಕೊಂಡಿತು. ಸರ್ವರ್ ಮಾತ್ರ ಏಳಲಿಲ್ಲ. ಆ ಹೊತ್ತಿಗೆ ಅಪಘಾತಕ್ಕೊಳಗಾದ ಒಬ್ಬರನ್ನು ಕರೆತಂದಿದ್ದಾರೆ. ಅವರಿಗೆ ಯಾವ ಔಷಧ ಒಗ್ಗುವುದಿಲ್ಲವೆಂಬ ಹಿಂದಿನ ದಾಖಲೆಯನ್ನು ನೋಡಲು ವೈದ್ಯರು ಕಾದಿದ್ದಾರೆ.

ತಪ್ಪು ನಡೆದ ದಿನಕ್ಕೂ ಅದು ಬಯಲಾದ ದಿನಕ್ಕೂ ನಡುವೆ ಮೂರು ತಿಂಗಳ ಅಂತರವಿದೆ. ಸಂರಚನೆಯ ತಪ್ಪುಗಳನ್ನು ಕಂಡುಹಿಡಿಯುವುದು ಕಠಿಣವಾಗುವುದು ಇದರಿಂದಲೇ. ನಿನ್ನೆ ಯಾರೂ ಏನನ್ನೂ ಮುಟ್ಟಲಿಲ್ಲವಾದ್ದರಿಂದ ಯಂತ್ರವೇ ಕೆಟ್ಟಿರಬೇಕೆಂದು ಊಹಿಸುವುದು ಸಹಜ. ಆದರೆ ಆ ಊಹೆ ಇಲ್ಲಿ ದಾರಿತಪ್ಪಿಸುತ್ತದೆ.

ನಿರ್ವಾಹಕನು ದಿನಚರಿಯನ್ನು ತೆರೆದನು. ಬೇಕಾದಷ್ಟು ಮೆಮೊರಿ ದೊರೆಯಲಿಲ್ಲವೆಂದೂ, ಶೇರ್ಡ್ ಬಫರ್ಸನ್ನು ಇಲ್ಲವೇ ಬಳಕೆದಾರರ ಮಿತಿಯನ್ನು ತಗ್ಗಿಸಿ ನೋಡಬಹುದೆಂದೂ ಅಲ್ಲಿ ಬರೆದಿತ್ತು. ಕಾರಣದೊಡನೆ ಪರಿಹಾರದ ಸುಳಿವೂ ದೊರೆಯಿತು. ಅವನು ಸಂರಚನಾ ಕಡತದಲ್ಲಿ ಶೇರ್ಡ್ ಬಫರ್ಸ್ ಸಾಲನ್ನು 8 ಗಿಗಾಬೈಟೆಂದು ಬರೆದು ಸರ್ವರನ್ನು ಎಬ್ಬಿಸಿದನು. ಅದು ಏಳಲಿಲ್ಲ. ದಿನಚರಿಯಲ್ಲಿ ಮತ್ತೆ ಅದೇ ದೂರು!

ಇಂತಹ ಗಳಿಗೆಯಲ್ಲಿ ಮನುಷ್ಯನ ತಾಳ್ಮೆ ತಪ್ಪುತ್ತದೆ. ಕಂಡ ಕಂಡ ಸಾಲುಗಳನ್ನೆಲ್ಲ ತಿದ್ದಲು ಕೈ ಹೋಗುತ್ತದೆ. ಹಾಗೆ ತಿದ್ದಿದರೆ ಮೂಲ ತಪ್ಪಿನೊಡನೆ ಹೊಸ ತಪ್ಪುಗಳೂ ಸೇರಿ ಗಂಟು ಬಿಗಿಯುತ್ತದೆ. ನಮ್ಮ ನಿರ್ವಾಹಕನು ಹಾಗೆ ಮಾಡಲಿಲ್ಲ. ಸರ್ವರ್ ನಿಂತಿರುವಾಗಲೂ ಒಂದು ನಿಯತಾಂಕಕ್ಕೆ ಅದು ಯಾವ ಬೆಲೆಯನ್ನು ಹಿಡಿಯಲಿದೆ ಎಂದು ಕೇಳಿ ತಿಳಿಯುವ ಆಜ್ಞೆಯೊಂದಿದೆ. ಅದನ್ನು ಬಳಸಿ ಕೇಳಿದಾಗ 1,04,85,760 ಎಂಬ ಉತ್ತರ ಬಂತು. 8 ಕಿಲೋಬೈಟಿನ ಅಷ್ಟು ಪುಟಗಳೆಂದರೆ 80 ಗಿಗಾಬೈಟ್. ಹಾಗಾದರೆ ತಾನು ತಿದ್ದಿದ ಸಾಲನ್ನು ಮೀರಿ ಬೇರೆಲ್ಲೋ ಇನ್ನೊಂದು ಸಾಲು ನಿಂತಿದೆ ಎಂಬುದು ಅವನಿಗೆ ಖಚಿತವಾಯಿತು.

ಅದು ನಿಜ. ಸರ್ವರಿಗೆ ಆಜ್ಞೆ ಕೊಟ್ಟು ಬದಲಾಯಿಸಿದ ಬೆಲೆಗಳನ್ನು ಪೋಸ್ಟ್‌ಗ್ರೆಸ್ ಎರಡನೆಯ ಕಡತವೊಂದರಲ್ಲಿ ತಾನೇ ಬರೆದಿಡುತ್ತದೆ. ಮೊದಲ ಕಡತವನ್ನು ಓದಿದ ಮೇಲೆ ಅದು ಈ ಎರಡನೆಯದನ್ನು ಓದುತ್ತದೆ. ಕೊನೆಯಲ್ಲಿ ಓದಿದುದೇ ನಡೆಯುವುದರಿಂದ 80 ಎಂಬ ಬರಹವು 8 ಎಂಬ ಬರಹವನ್ನು ಅಳಿಸಿಹಾಕುತ್ತಿತ್ತು. ಈ ಕಡತವನ್ನು ಕೈಯಿಂದ ತಿದ್ದಬಾರದೆಂಬುದು ನಿಯಮ. ಸರ್ವರಿಗೇ ಆಜ್ಞೆ ಕೊಟ್ಟು ತಿದ್ದಿಸೋಣವೆಂದರೆ ಸರ್ವರ್ ಎದ್ದಿಲ್ಲ. ಇದಕ್ಕೂ ದಾರಿಯುಂಟು. ಸರ್ವರನ್ನು ಎಬ್ಬಿಸುವ ಆಜ್ಞೆಯ ಜೊತೆಯಲ್ಲಿಯೇ ಒಂದು ಬೆಲೆಯನ್ನು ಹೇಳಿದರೆ ಅದು ಎರಡು ಕಡತಗಳನ್ನೂ ಮೀರಿ ನಿಲ್ಲುತ್ತದೆ. ನಿರ್ವಾಹಕನು ಸಣ್ಣದೊಂದು ಬೆಲೆಯನ್ನು ಹೀಗೆ ಹೇಳಿ ಸರ್ವರನ್ನು ಎಬ್ಬಿಸಿದನು. ವೈದ್ಯರಿಗೆ ಬೇಕಾದ ದಾಖಲೆ ತೆರೆಯಿತು. ರೋಗಿಯ ಆರೈಕೆ ನಡೆಯುತ್ತಿರುವಾಗ ಅವನು ಎರಡನೆಯ ಕಡತದಲ್ಲಿದ್ದ ತಪ್ಪು ಬೆಲೆಯನ್ನು ತೆಗೆದುಹಾಕುವಂತೆ ಸರ್ವರಿಗೆ ಆಜ್ಞೆ ಕೊಟ್ಟನು. ಮುಂದೆ ಬಿಡುವಿನ ವೇಳೆಯಲ್ಲಿ ಅದನ್ನು ನಿಲ್ಲಿಸಿ ಎಬ್ಬಿಸಿದಾಗ 8 ಗಿಗಾಬೈಟೇ ಜಾರಿಗೆ ಬಂತು.

ಈ ಕಥೆಯಲ್ಲಿ ಅವನು ಮಾಡಿದ ಕೆಲಸಗಳಷ್ಟೇ ಮಾಡದೆ ಬಿಟ್ಟ ಕೆಲಸಗಳೂ ಮುಖ್ಯ. ಸರ್ವರ್ ಏಳದಿದ್ದಾಗ ಗಾಬರಿಗೊಂಡವರನ್ನು ಎರಡು ಆಮಿಷಗಳು ಸೆಳೆಯುತ್ತವೆ.

ಮೊದಲನೆಯದು ಬೀಗದ ಕಡತವನ್ನು ಅಳಿಸುವುದು. ಸರ್ವರ್ ಎದ್ದಾಗ ತಾನು ಇಲ್ಲಿ ಕೆಲಸ ಮಾಡುತ್ತಿರುವುದಾಗಿ ದತ್ತಸಂಚಯದ ಕೋಶದಲ್ಲಿ ಒಂದು ಸಣ್ಣ ಕಡತವನ್ನು ಬರೆದಿಡುತ್ತದೆ. ಅದೇ ಕೋಶದ ಮೇಲೆ ಇನ್ನೊಂದು ಸರ್ವರ್ ಏಳಲು ಹೊರಟರೆ ಅದನ್ನು ಕಂಡು ಹಿಂದೆ ಸರಿಯುತ್ತದೆ. ಒಳಗಿನ ಸರ್ವರ್ ಜೀವಂತವಾಗಿದೆಯೇ ಇಲ್ಲವೇ ಎಂದು ನೋಡದೆ ಆ ಕಡತವನ್ನು ಅಳಿಸಿದರೆ, ಒಂದೇ ದತ್ತಸಂಚಯದ ಮೇಲೆ ಎರಡು ಕೈಗಳು ಒಂದನ್ನೊಂದು ಅರಿಯದೆ ಬರೆಯತೊಡಗುತ್ತವೆ. ಆಮೇಲೆ ಉಳಿಯುವುದು ಯಾವ ಲೆಕ್ಕಕ್ಕೂ ಸಿಗದ ಬರಹ.

ಎರಡನೆಯ ಆಮಿಷ ಇನ್ನೂ ಘೋರವಾದುದು. ಪೋಸ್ಟ್‌ಗ್ರೆಸ್ ಪ್ರತಿಯೊಂದು ಬದಲಾವಣೆಯನ್ನೂ ಮೊದಲು ಒಂದು ಮುಂಬರಹದಲ್ಲಿ ಗುರುತುಹಾಕಿ, ಬಳಿಕ ಕೋಷ್ಟಕಕ್ಕೆ ಸೇರಿಸುತ್ತದೆ. ನಡುವೆ ವಿದ್ಯುತ್ತು ನಿಂತರೆ ಈ ಮುಂಬರಹವನ್ನು ನೋಡಿಯೇ ಅದು ತನ್ನನ್ನು ಸರಿಪಡಿಸಿಕೊಳ್ಳಬೇಕು. ಹಿಂದೆ ಈ ಮುಂಬರಹದ ಕೋಶಕ್ಕೆ 'ಪಿಜಿ ಎಕ್ಸ್‌ಲಾಗ್' ಎಂಬ ಹೆಸರಿತ್ತು. ಹೆಸರಿನ ಕೊನೆಯಲ್ಲಿ ಲಾಗ್ ಎಂದಿದ್ದುದರಿಂದ ಕೆಲವರು ಅದನ್ನು ಬೇಡದ ಹಳೆಯ ದಿನಚರಿಯೆಂದು ತಿಳಿದು, ಜಾಗ ಬಿಡಿಸಿಕೊಳ್ಳಲು ಅಳಿಸಿಹಾಕಿದರು. ಹಾಗೆ ಕಳೆದುಹೋದ ಮಾಹಿತಿ ಮತ್ತೆ ದೊರೆಯಲಿಲ್ಲ. ಇದನ್ನು ಕಂಡ ಪೋಸ್ಟ್‌ಗ್ರೆಸ್ ತಂತ್ರಜ್ಞರು 2017ರಲ್ಲಿ ಹೊರತಂದ 10ನೆಯ ಆವೃತ್ತಿಯಲ್ಲಿ ಆ ಕೋಶದ ಹೆಸರನ್ನೇ 'ಪಿಜಿ ವಾಲ್' ಎಂದು ಬದಲಾಯಿಸಿದರು. ಒಂದು ಹೆಸರು ಜನರನ್ನು ದಾರಿತಪ್ಪಿಸುತ್ತಿದೆಯೆಂದು ತಿಳಿದಾಗ, ಜನರ ಅಜ್ಞಾನವನ್ನು ಹಳಿಯದೆ ಹೆಸರನ್ನು ತಿದ್ದಿದ ಈ ವಿವೇಕ ಮೆಚ್ಚತಕ್ಕದ್ದು.

ಮೇಲಿನ ಎರಡು ಆಮಿಷಗಳಲ್ಲಿಯೂ ಒಂದು ಸಾಮ್ಯವಿದೆ. ಏಳದ ಸರ್ವರನ್ನು ಇಂದಲ್ಲ ನಾಳೆ ಎಬ್ಬಿಸಬಹುದು. ಅಳಿಸಿದ ದತ್ತಾಂಶವನ್ನಾದರೋ ಬೇರೆ ಪ್ರತಿಯಿಲ್ಲದಿದ್ದರೆ ಎಂದಿಗೂ ತರಲಾಗದು. ಆದ್ದರಿಂದ ದುರಸ್ತಿಗೆ ಕೈಹಾಕುವ ಮುನ್ನ ಕೆಲವು ನಿಯಮಗಳನ್ನು ಪಾಲಿಸಬೇಕು. ತಿದ್ದುವ ಕಡತದ ಪ್ರತಿಯೊಂದನ್ನು ತೆಗೆದಿಡಬೇಕು. ಒಂದು ಸಲಕ್ಕೆ ಒಂದೇ ಸಾಲನ್ನು ತಿದ್ದಿ, ಫಲವನ್ನು ನೋಡಿ, ಬಳಿಕ ಮುಂದಿನದಕ್ಕೆ ಹೋಗಬೇಕು. ತಿದ್ದಿದುದರಿಂದ ಗುಣ ಕಾಣದಿದ್ದರೆ ಅದನ್ನು ಮೊದಲಿನಂತೆಯೇ ಇಡಬೇಕು. ಏನನ್ನು, ಏಕೆ, ಯಾವಾಗ ಬದಲಾಯಿಸಿದೆವೆಂಬುದನ್ನು ಬರೆದಿಡಬೇಕು. ಮೂರು ತಿಂಗಳ ತರುವಾಯ ಅದನ್ನು ಓದುವವರು ಬೇರೆಯವರಾಗಿರಬಹುದು.

ರೋಗ ಬಂದ ಮೇಲೆ ಔಷಧ ಹುಡುಕುವುದಕ್ಕಿಂತ ಬರದಂತೆ ನೋಡಿಕೊಳ್ಳುವುದು ಲೇಸಲ್ಲವೇ? ಸಂರಚನಾ ಕಡತಗಳಲ್ಲಿರುವ ತಪ್ಪನ್ನು ಸರ್ವರ್ ನಡೆಯುತ್ತಿರುವಾಗಲೇ ಕಂಡುಕೊಳ್ಳಲು ಪೋಸ್ಟ್‌ಗ್ರೆಸ್ ಒಂದು ಪಟ್ಟಿಯನ್ನು ಒದಗಿಸುತ್ತದೆ. ಬದಲಾಗಿದ್ದರೂ ಮರು ಆರಂಭಕ್ಕಾಗಿ ಕಾಯುತ್ತಿರುವ ನಿಯತಾಂಕಗಳು ಯಾವುವು ಎಂಬುದನ್ನು ಇನ್ನೊಂದು ಪಟ್ಟಿ ತೋರಿಸುತ್ತದೆ. ಆಸ್ಪತ್ರೆಯ ನಿರ್ವಾಹಕನು ಬೆಲೆಯನ್ನು ಬದಲಾಯಿಸಿದ ದಿನವೇ ಅದನ್ನು ಮರಳಿ ಓದಿ, ಜನಸಂದಣಿಯಿಲ್ಲದ ವೇಳೆಯಲ್ಲಿ ಸರ್ವರನ್ನು ಒಮ್ಮೆ ನಿಲ್ಲಿಸಿ ಎಬ್ಬಿಸಿ ನೋಡಿದ್ದರೆ, ತಪ್ಪು ಅಂದೇ ಹಗಲು ಬೆಳಕಿನಲ್ಲಿ ಕಾಣುತ್ತಿತ್ತು. ಪರೀಕ್ಷಿಸದೆ ಬಿಟ್ಟ ಬದಲಾವಣೆ ತನ್ನ ಪರೀಕ್ಷೆಯ ದಿನವನ್ನು ತಾನೇ ಆರಿಸಿಕೊಳ್ಳುತ್ತದೆ. ಆ ದಿನ ನಮಗೆ ಅನುಕೂಲವಾಗಿರಬೇಕೆಂದಿಲ್ಲ.

ದತ್ತಸಂಚಯವನ್ನು ನಿರ್ವಹಿಸುವವರು ಯಂತ್ರದ ಮುಂದೆ ಕುಳಿತಿದ್ದರೂ ಅವರ ಹೊಣೆಯಿರುವುದು ಯಂತ್ರಕ್ಕಲ್ಲ. ಆ ಕೋಷ್ಟಕಗಳ ಒಂದೊಂದು ಸಾಲಿನ ಹಿಂದೆಯೂ ಒಬ್ಬ ರೈತನ ಹೊಲ, ಒಬ್ಬ ರೋಗಿಯ ಜೀವ, ಒಬ್ಬ ವಿದ್ಯಾರ್ಥಿಯ ವರ್ಷದ ಶ್ರಮ ಇದೆ. ಏಳಲೊಲ್ಲದ ಸರ್ವರ್ ಅದನ್ನೆಲ್ಲ ತನ್ನ ಹಿಂದಿರಿಸಿಕೊಂಡು ಬಾಗಿಲಲ್ಲಿ ನಿಂತಿರುತ್ತದೆ. ಅದನ್ನು ತಳ್ಳಿ ಒಳನುಗ್ಗುವ ಮುನ್ನ ಅದು ಹೇಳುವ ಕಾರಣವನ್ನು ಸಾವಧಾನದಿಂದ ಓದುವುದು ನಿರ್ವಾಹಕನ ಮೊದಲ ಕರ್ತವ್ಯ.

ಅಭ್ಯಾಸ

ಅ. ಈ ಪ್ರಶ್ನೆಗಳಿಗೆ ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಕಡತವನ್ನು ಹಿಂದೆ ಹೇಗೆ ತಯಾರಿಸುತ್ತಿದ್ದರು?
2. ದತ್ತಸಂಚಯವೆಂದರೇನು?
3. ಒಂದೇ ನಿಯತಾಂಕವನ್ನು ಎರಡು ಕಡೆ ಬರೆದಿದ್ದರೆ ಯಾವುದು ನಡೆಯುತ್ತದೆ?

ಆ. ಈ ಪ್ರಶ್ನೆಗಳಿಗೆ ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಸಂರಚನೆಯ ತಪ್ಪುಗಳ ನಾಲ್ಕು ಗುಂಪುಗಳನ್ನು ಉದಾಹರಣೆಯೊಡನೆ ವಿವರಿಸಿರಿ.
2. ಆಸ್ಪತ್ರೆಯ ನಿರ್ವಾಹಕನು ಮೊದಲ ಸಲ ತಿದ್ದಿದಾಗ ಸರ್ವರ್ ಏಕೆ ಏಳಲಿಲ್ಲ?
3. 'ಪಿಜಿ ಎಕ್ಸ್‌ಲಾಗ್' ಎಂಬ ಹೆಸರನ್ನು ಬದಲಾಯಿಸಲು ಕಾರಣವೇನು?

ಇ. "ಈ ನಿರಾಕರಣೆಯು ಸೋಲಲ್ಲ, ಕಾವಲಿನ ಒಂದು ಬಗೆ." ಈ ಮಾತನ್ನು ಪಾಠದ ಆಧಾರದಿಂದ ಸಮರ್ಥಿಸಿರಿ.

ಈ. ನಿಮ್ಮ ಮನೆಯಲ್ಲಾಗಲಿ ಶಾಲೆಯಲ್ಲಾಗಲಿ ನಡೆಯದೆ ನಿಂತ ಸಾಧನವೊಂದರ ದೋಷವನ್ನು ಹಂತ ಹಂತವಾಗಿ ಹುಡುಕುವ ಬಗೆಯನ್ನು ಕುರಿತು ಒಂದು ಪುಟದಷ್ಟು ಬರೆಯಿರಿ.